ಆರೋಗ್ಯ ಟ್ರಸ್ಟ್‌ಗೆ ಟ್ರಸ್ಟಿಯಾಗುವಿರಾ? ಸಹಿಗೆ ಮುಂಚೆ, ಸಹಿಯಾದ ಮೇಲೆ

ಊರಿನ ಆರೋಗ್ಯ ಟ್ರಸ್ಟ್‌ಗೆ ಟ್ರಸ್ಟಿಯಾಗಿ ಬನ್ನಿ ಎಂದು ಕರೆಯುವವರ ಮಾತು ಸಾಮಾನ್ಯವಾಗಿ ಒಂದೇ: "ಏನೂ ಕೆಲಸ ಇರಲ್ಲ ಸರ್, ಹೆಸರಿಗೆ ಇದ್ದರೆ ಸಾಕು." ಹೆಸರಿಗಷ್ಟೇ ಇರುವ ಟ್ರಸ್ಟಿ ಎಂಬ ಹುದ್ದೆ ಕಾನೂನಿನಲ್ಲಿ ಇಲ್ಲ. ಸಂಬಳ ತಗೊಳ್ಳುವುದಿಲ್ಲ ಎಂದು ಹೊಣೆಯೇನೂ ಕಡಿಮೆಯಾಗುವುದಿಲ್ಲ. ಲೆಕ್ಕ ತಪ್ಪಿದ ದಿನ "ನನಗೆ ಗೊತ್ತೇ ಇರಲಿಲ್ಲ" ಎಂದರೆ ಯಾರೂ ಕೇಳರು.

ಒಪ್ಪಿಗೆ ಕೊಡುವ ಮೊದಲು ನಾಲ್ಕು ಕಾಗದ ತರಿಸಿಕೊಳ್ಳಿ: ಟ್ರಸ್ಟ್ ಡೀಡ್‌ನ (ಟ್ರಸ್ಟ್ ಸ್ಥಾಪನೆಯ ಪತ್ರದ) ನಕಲು, ಹಿಂದಿನ ಮೂರು ವರ್ಷದ ಆಡಿಟ್ ವರದಿ, ಕೊನೆಯ ನಾಲ್ಕು ಸಭೆಗಳ ನಡಾವಳಿ, ಆದಾಯ ತೆರಿಗೆ ನೋಂದಣಿ ಪತ್ರ. ಕೊಡಲು ಎರಡು ವಾರ ಎಳೆದಾಡಿದರೆ ಅದೇ ಒಂದು ಉತ್ತರ. ಡೀಡ್‌ನಲ್ಲಿ ಮೊದಲು ನೋಡಬೇಕಾದದ್ದು ಉದ್ದೇಶಗಳ ಪಟ್ಟಿ. ಕಣ್ಣಿನ ಚಿಕಿತ್ಸೆಗೆಂದು ಕಟ್ಟಿದ ಟ್ರಸ್ಟ್ ಬರಬರುತ್ತಾ ಕಿಡ್ನಿ ರೋಗಿಗಳಿಗೆ ಖರ್ಚು ಮಾಡತೊಡಗುತ್ತದೆ. ಕೆಲಸ ಒಳ್ಳೆಯದೇ, ಆದರೆ ಡೀಡ್‌ನಲ್ಲಿಲ್ಲದ ಉದ್ದೇಶಕ್ಕೆ ಹಣ ಹೋದರೆ ಟ್ರಸ್ಟಿಗಳು ಉತ್ತರ ಹೇಳಬೇಕಾಗುತ್ತದೆ. ಆಮೇಲೆ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ) ಎಷ್ಟು, ಚೆಕ್‌ಗೆ ಯಾರ ಸಹಿ, ಟ್ರಸ್ಟಿಯನ್ನು ತೆಗೆಯುವುದು ಹೇಗೆ ಎಂಬುದನ್ನು ನೋಡಿ.

ತೆರಿಗೆ ನೋಂದಣಿಗೆ ಅವಧಿಯಿದೆ: ಸಾಮಾನ್ಯವಾಗಿ ಐದು ವರ್ಷ. ಹಿಂದಿನ ಎರಡೂ ವರ್ಷಗಳಲ್ಲಿ ಆದಾಯ 5 ಕೋಟಿ ರೂಪಾಯಿ ದಾಟದ ಸಣ್ಣ ಟ್ರಸ್ಟ್‌ಗಳಿಗೆ 2025ರ ತಿದ್ದುಪಡಿ ಹತ್ತು ವರ್ಷದ ಅವಕಾಶ ಕೊಟ್ಟಿದೆ. ನವೀಕರಣದ ಅರ್ಜಿ ಅವಧಿ ಮುಗಿಯುವ ಆರು ತಿಂಗಳ ಮೊದಲೇ ಹೋಗಬೇಕು. ಇದನ್ನು ಮರೆತು ಕೈಸುಟ್ಟುಕೊಂಡ ಟ್ರಸ್ಟ್‌ಗಳು ಕಡಿಮೆಯಿಲ್ಲ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಎಲ್ಲರ ಬಾಯಲ್ಲೂ ಈಗಲೂ 80ಜಿ (ದಾನಿಗೆ ಸಿಗುವ ತೆರಿಗೆ ವಿನಾಯಿತಿ), 12ಎ (ಟ್ರಸ್ಟ್‌ನ ಆದಾಯಕ್ಕೆ ಸಿಗುವ ವಿನಾಯಿತಿ) ಎಂದೇ ಇದ್ದರೂ ಅರ್ಜಿ ಹಾಕುವಾಗ ಹಳೆಯ ನಂಬರ್ ನಂಬಬೇಡಿ, ಸಿಎ ಅವರನ್ನು ಕೇಳಿ.

ಇನ್ನು ಹಣದ ವಿಷಯ. ತಿಂಗಳಿಗೊಮ್ಮೆ ಖಜಾಂಚಿಯಿಂದ ಒಂದೇ ಪುಟದ ಲೆಕ್ಕ ಕೇಳಿ, ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು ಓದಿ. ಉದಾಹರಣೆಗೆ ಖಾತೆಯಲ್ಲಿ 6,40,000 ರೂಪಾಯಿ ಇದೆ ಎನ್ನಿ. ಸಭೆಯಲ್ಲಿ ಎಲ್ಲರಿಗೂ ಸಮಾಧಾನ. ಆದರೆ ಅದರಲ್ಲಿ 5,00,000 ಒಬ್ಬ ದಾನಿ ಡಯಾಲಿಸಿಸ್ ಯಂತ್ರಕ್ಕೆಂದೇ ಕೊಟ್ಟದ್ದು, ಅದನ್ನು ಸಂಬಳಕ್ಕೆ ಮುಟ್ಟುವ ಹಾಗಿಲ್ಲ. ಉಳಿದದ್ದು 1,40,000. ತಿಂಗಳ ಖರ್ಚು 1,10,000 ಆದರೆ ಈ ಟ್ರಸ್ಟ್‌ನ ಉಸಿರು ಐದು ವಾರದ ಲೆಕ್ಕದಲ್ಲಿದೆ. ಹೀಗಾಗಿ ಲೆಕ್ಕದ ಪುಟದಲ್ಲಿ "ನಿರ್ದಿಷ್ಟ ಉದ್ದೇಶದ ಹಣ", "ಮುಕ್ತ ಹಣ" ಎಂದು ಎರಡು ಕಾಲಂ ಇರಲೇಬೇಕು. ಮುಕ್ತ ಹಣ ಮೂರು ತಿಂಗಳ ಖರ್ಚಿಗಿಂತ ಕೆಳಗಿಳಿದರೆ ಮುಂದಿನ ಸಭೆಯ ಮೊದಲ ವಿಷಯವೇ ಅದು.

ಸಹಿ ಮಾಡಿದ ಖಾಲಿ ಚೆಕ್ ಮಾತ್ರ ಯಾರಿಗೂ ಕೊಡಬೇಡಿ. ಊರಿಗೆ ಹೋಗುತ್ತಿದ್ದೀರಿ, ಆಂಬ್ಯುಲೆನ್ಸ್ ಡೀಸೆಲ್‌ಗೆ ತುರ್ತು ಎಂದರೂ ಕೊಡಬೇಡಿ. ಮೂರನೇ ಸಹಿದಾರರನ್ನು ಮೊದಲೇ ನೇಮಿಸಿಕೊಳ್ಳಿ. ಇಬ್ಬರು ಸಹಿದಾರರು ಗಂಡ ಹೆಂಡತಿಯೋ ಅಣ್ಣ ತಮ್ಮನೋ ಆಗಿದ್ದರೆ ಅದು ಕಾಗದದ ಮೇಲಷ್ಟೇ ಎರಡು ಸಹಿ.

ದಾನ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಬಂದರೆ ದಾನಿಗೆ 80ಜಿ ವಿನಾಯಿತಿ ಸಿಗುವುದಿಲ್ಲ, ಇದನ್ನು ಹಣ ತೆಗೆದುಕೊಳ್ಳುವಾಗಲೇ ಹೇಳಿ. ಆರ್ಥಿಕ ವರ್ಷ ಮುಗಿದ ಮೇಲೆ ದಾನಿಗಳ ವಿವರವನ್ನು ಮೇ 31ರೊಳಗೆ ಇಲಾಖೆಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು; ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ರಸೀದಿ ಬರೆಯುವಾಗ ಪ್ಯಾನ್ ನಂಬರ್ ಕೇಳಲು ಸಂಕೋಚಪಟ್ಟವರು ಮೇ ತಿಂಗಳಲ್ಲಿ ದಾನಿಗಳಿಗೆಲ್ಲ ಫೋನ್ ಮಾಡುತ್ತಾ ಕೂರುತ್ತಾರೆ. ಖರ್ಚಿನ ಕಡೆ, ವರ್ಷದ ಆದಾಯದ ಶೇ 85 ಭಾಗವನ್ನು ಉದ್ದೇಶಕ್ಕೆ ಬಳಸಿರಬೇಕು, ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟದ್ದು ಆ ಬಳಕೆಯ ಲೆಕ್ಕಕ್ಕೆ ಬರುವುದಿಲ್ಲ. ವಿದೇಶದಲ್ಲಿರುವ ಸ್ನೇಹಿತರು ಡಾಲರ್ ಕಳಿಸುತ್ತೇನೆ ಎಂದರೆ ತಡೆಯಿರಿ: ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ವಿದೇಶಿ ದೇಣಿಗೆ ಪಡೆಯುವ ಹಾಗಿಲ್ಲ. ಅನುಮತಿ ಇದ್ದರೂ ಹಣ ಮೊದಲು ಬರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ.

ಸಂಬಂಧಿಕರ ವ್ಯವಹಾರ ಮುಜುಗರದ ವಿಷಯ, ಆದ್ದರಿಂದಲೇ ಯಾರೂ ಎತ್ತುವುದಿಲ್ಲ. ಟ್ರಸ್ಟಿಯೊಬ್ಬರ ತಮ್ಮನ ಮೆಡಿಕಲ್ ಸ್ಟೋರಿನಿಂದ ಔಷಧಿ ಕೊಳ್ಳುವುದೇ ತಪ್ಪು ಎಂದಲ್ಲ. ಮೂರು ಕೊಟೇಶನ್ ತರಿಸಿ, ಆ ಟ್ರಸ್ಟಿ ಹೊರಗೆ ಕೂತಿರುವಾಗ ತೀರ್ಮಾನಿಸಿ, ಹೊರಗಿದ್ದರು ಎಂದು ನಡಾವಳಿಯಲ್ಲಿ ಬರೆಯಿರಿ. ಮಾರುಕಟ್ಟೆ ದರಕ್ಕಿಂತ ಹೆಚ್ಚು ಕೊಟ್ಟು ಟ್ರಸ್ಟಿಯ ಮನೆಯವರಿಗೆ ಲಾಭವಾಯಿತೆಂದು ಕಂಡರೆ ತೆರಿಗೆ ವಿನಾಯಿತಿಗೇ ಸಂಚಕಾರ.

ಆರೋಗ್ಯ ಟ್ರಸ್ಟ್‌ಗೆ ಬೇರೆ ಟ್ರಸ್ಟ್‌ಗಳಿಗಿಲ್ಲದ ತಾಪತ್ರಯವೆಂದರೆ ದಾನ ಬರುವ ಯಂತ್ರಗಳು. ಆ ಡಯಾಲಿಸಿಸ್ ಯಂತ್ರವನ್ನೇ ತೆಗೆದುಕೊಳ್ಳಿ. ರಕ್ತ ಶುದ್ಧ ಮಾಡಲು ನಿಮಿಷಕ್ಕೆ 500 ಮಿಲಿಲೀಟರ್ ದ್ರಾವಣ, ನಾಲ್ಕು ಗಂಟೆ ನಡೆದರೆ ಒಬ್ಬ ರೋಗಿಗೆ 120 ಲೀಟರ್. ಅಷ್ಟೂ ಆರ್‌ಓ ಘಟಕದಲ್ಲಿ ಶುದ್ಧವಾದ ನೀರಿನಿಂದ ತಯಾರಾಗಬೇಕು; ಶುದ್ಧ ಮಾಡುವಾಗ ಹೊರಹೋಗುವ ನೀರು ಬೇರೆ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟರೆ ಏನು? ಕರೆಂಟ್ ಹೋದರೆ ಜನರೇಟರ್ ಇದೆಯೇ? ತಂತ್ರಜ್ಞರ ಸಂಬಳ, ವಾರ್ಷಿಕ ನಿರ್ವಹಣೆ ಒಪ್ಪಂದ, ಮೇಲ್ವಿಚಾರಣೆಗೆ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞ ವೈದ್ಯರು) ಯಾರು? ಇವಕ್ಕೆ ಉತ್ತರ ಸಿಗುವವರೆಗೆ ಯಂತ್ರ ಒಪ್ಪಿಕೊಳ್ಳಬೇಡಿ. "ಯಂತ್ರದ ಜೊತೆ ಎರಡು ವರ್ಷದ ನಿರ್ವಹಣೆಯನ್ನೂ ನೀವೇ ಭರಿಸುವಿರಾ?" ಎಂದು ದಾನಿಯನ್ನು ಕೇಳುವುದು ದುರಾಸೆಯಲ್ಲ. ರಿಬ್ಬನ್ ಕತ್ತರಿಸಿದ ಫೋಟೊ ಗೋಡೆಯಲ್ಲಿ, ಯಂತ್ರ ಪ್ಲಾಸ್ಟಿಕ್ ಹೊದಿಕೆಯಲ್ಲಿ ಉಳಿಯುವುದು ಕೇಳದೆ ಇದ್ದಾಗಲೇ.

ಶಿಬಿರಗಳಲ್ಲಿ ಟ್ರಸ್ಟಿ ಕುರ್ಚಿ ಜೋಡಿಸಿದರೆ ಬೇಡವೆನ್ನುವವರಿಲ್ಲ. ಆದರೆ ಆ ದಿನ ನೀವೇ ನೋಡಬೇಕಾದ್ದು ಬೇರೆ. ವೈದ್ಯರ ನೋಂದಣಿ ಸಂಖ್ಯೆ ಫೈಲಿನಲ್ಲಿದೆಯೇ? ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿದೆಯೇ, ಅಥವಾ ಐಸ್ ಗಡ್ಡೆಗೆ ತಾಗಿ ಹೆಪ್ಪುಗಟ್ಟಿದೆಯೇ? ಹೆಪ್ಪುಗಟ್ಟಿದ್ದು ಕರಗಿದರೂ ಪ್ರಯೋಜನವಿಲ್ಲ, ಎಸೆಯಬೇಕು. ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚಿದ ಲ್ಯಾನ್ಸೆಟ್‌ಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಶಿಬಿರಗಳಿಗೂ ಅನ್ವಯಿಸುತ್ತದೆ. ಶಾಲೆಯ ಕೊಠಡಿಯಲ್ಲಿ ಶಿಬಿರ ಮಾಡಿ ಲ್ಯಾನ್ಸೆಟ್ ಕಸದ ಬುಟ್ಟಿಗೆ ಹಾಕಿ ಬಂದರೆ ಸೋಮವಾರ ಬೆಳಿಗ್ಗೆ ಅದು ಸಿಗುವುದು ಮಕ್ಕಳ ಕೈಗೆ. ಸಂಜೆ ಉಳಿದ ಔಷಧಿಯನ್ನು ಬ್ಯಾಚ್ ನಂಬರ್, ಅವಧಿ ಸಮೇತ ಸ್ಟಾಕ್ ರಿಜಿಸ್ಟರ್‌ಗೆ ವಾಪಸ್ ಏರಿಸಿ ಇಬ್ಬರು ಸಹಿ ಮಾಡಲಿ. ರೋಗಿಗಳ ಮುಖ ಕಾಣುವ ಫೋಟೊ, ಅದರಲ್ಲೂ ರೋಗದ ಹೆಸರಿನೊಂದಿಗೆ, ಅವರ ಲಿಖಿತ ಒಪ್ಪಿಗೆ ಇಲ್ಲದೆ ವಾಟ್ಸಾಪ್ ಗ್ರೂಪಿಗೂ ಹೋಗಕೂಡದು.

ಸಭೆಯ ಕಾಗದಗಳು ಒಂದು ವಾರ ಮೊದಲು ಕೈಸೇರಲಿ. ಸಭೆಯಲ್ಲೇ ಹಂಚಿದ ಮೂವತ್ತು ಪುಟದ ಮೇಲೆ ನಿರ್ಣಯ ಕೇಳಿದರೆ "ಮುಂದಿನ ಸಭೆಗೆ ಇಡೋಣ" ಎನ್ನಿ. ನಿಮಗೆ ಒಪ್ಪಿಗೆಯಿಲ್ಲದ ನಿರ್ಣಯ ಪಾಸಾದರೆ ನಿಮ್ಮ ಭಿನ್ನಾಭಿಪ್ರಾಯ ಹೆಸರು ಸಮೇತ ನಡಾವಳಿಯಲ್ಲಿ ದಾಖಲಾಗಲಿ. ಹೊರಗೆ ಬಂದು ಕಾಫಿ ಕುಡಿಯುತ್ತಾ ಹೇಳಿದ್ದಕ್ಕೆ ದಾಖಲೆಯಿಲ್ಲ.

ಬಿಡುವಾಗಲೂ ಬಾಯಿಮಾತು ಸಾಲದು. ಡೀಡ್‌ನಲ್ಲಿ ಹೇಳಿದ ರೀತಿಯಲ್ಲಿ ಲಿಖಿತ ರಾಜೀನಾಮೆ ಕೊಡಿ, ಅಂಗೀಕರಿಸಿದ ನಿರ್ಣಯದ ಪ್ರತಿ ಪಡೆಯಿರಿ, ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಬದಲಾಯಿತೇ ನೋಡಿ. ಬ್ಯಾಂಕಿಗೆ ನೀವೇ ಹೋಗಿ ಸಹಿದಾರರ ಪಟ್ಟಿಯಿಂದ ಹೆಸರು ತೆಗೆಸಿ, ಒಟಿಪಿ ನಿಮ್ಮ ಮೊಬೈಲಿಗೇ ಬರುತ್ತಿದ್ದರೆ ಆ ನಂಬರನ್ನೂ ಬದಲಿಸಿ ಸ್ವೀಕೃತಿ ಪತ್ರ ತೆಗೆದುಕೊಂಡು ಬನ್ನಿ.