ಹಾಲು ಉಕ್ಕಿಸುವ ಮುಂಚಿನ ಆರು ತಿಂಗಳು

ಬೇರೆ ಮನೆ ಮಾಡಬೇಕು ಅಂತಿದ್ದೀನಿ ಅಂತ ಯಾರಾದರೂ ಮಕ್ಕಳು ಬಂದು ಹೇಳಿದರೆ ನಾನು ಮೊದಲು ಕೇಳುವುದು, "ಎಷ್ಟು ತಿಂಗಳಿಂದ ಬಾಡಿಗೆ ಕಟ್ಟುತ್ತಿದ್ದೀಯ?" ಅಂತ. ಇನ್ನೂ ಮನೆಯೇ ನೋಡಿಲ್ಲವಲ್ಲ ದೊಡ್ಡಮ್ಮ ಅಂತ ನಗುತ್ತಾರೆ. ನಗುವ ಮಾತಲ್ಲ. ಮನೆ ಬಿಡುವುದಕ್ಕೆ ಆರು ತಿಂಗಳು ಮುಂಚೆಯೇ ಬಾಡಿಗೆ ಕಟ್ಟಲು ಶುರು ಮಾಡಬೇಕು. ಮಾಲೀಕರಿಗಲ್ಲ, ನಿಮ್ಮದೇ ಇನ್ನೊಂದು ಖಾತೆಗೆ.

ಬೆಂಗಳೂರಿನ ಲೆಕ್ಕವನ್ನೇ ತಗೊಳ್ಳೋಣ, ನಮ್ಮ ಕಡೆಯ ಮಕ್ಕಳು ಜಾಸ್ತಿ ಹೋಗುವುದು ಅಲ್ಲಿಗೇ ಅಲ್ವಾ. ಒಂದು ರೂಮು, ಒಂದು ಹಾಲ್, ಅಡುಗೆಮನೆ, ಬಾಡಿಗೆ 12,000 ಅಂತ ಇಟ್ಟುಕೊಳ್ಳಿ. ಹಿಂದೆಲ್ಲ ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದರು. ಈಗ ಐದಾರು ತಿಂಗಳಿನದಕ್ಕೆ ಒಪ್ಪುವವರು ಸಿಗುತ್ತಾರೆ. ಆರು ತಿಂಗಳದ್ದು ಅಂದರೆ 72,000. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಮೇಲೆ ಮೊದಲ ತಿಂಗಳ ಬಾಡಿಗೆ, ಎರಡೂ ಸೇರಿ 24,000. ಒಟ್ಟು 96,000 ಎಣಿಸಿ ಕೊಟ್ಟ ಮೇಲೆಯೇ ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದು. ಒಲೆ, ಹಾಸಿಗೆ, ಬಕೆಟ್ಟು, ಪೊರಕೆ, ಸಾಮಾನು ಸಾಗಿಸುವ ಟೆಂಪೋ ಇದರಲ್ಲಿ ಸೇರಿಲ್ಲ.

ಈಗ ಆ 12,000ಕ್ಕೆ ಹಾಲು, ತರಕಾರಿ, ಕರೆಂಟು, ಗ್ಯಾಸು ಅಂತ 4,000 ಸೇರಿಸಿ. ಸಂಬಳ ಬಂದ ದಿನವೇ 16,000 ಬೇರೆ ಖಾತೆಗೆ ಹಾಕಿಬಿಡಿ. ಅಮ್ಮನ ಮನೆಯಲ್ಲೇ ಇದ್ದುಕೊಂಡು, ಉಳಿದ ದುಡ್ಡಿನಲ್ಲಿ ತಿಂಗಳು ತಳ್ಳಿ. ಆರು ತಿಂಗಳಿಗೆ ಸರಿಯಾಗಿ 96,000 ಆಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಏನೆಂದರೆ, 20ನೇ ತಾರೀಖಿಗೇ ಕೈ ಖಾಲಿ ಆಗುತ್ತದೋ ಇಲ್ಲವೋ ಅನ್ನುವುದು ಊಟ ತಪ್ಪುವ ಭಯ ಇಲ್ಲದ ಜಾಗದಲ್ಲೇ ಗೊತ್ತಾಗುತ್ತದೆ. ಎರಡನೇ ತಿಂಗಳೇ ಆ ಖಾತೆಗೆ ಕೈ ಹಾಕಿದಿರಾ? ಹಾಗಾದರೆ ಬಾಡಿಗೆ ನಿಮ್ಮ ಅಳತೆಗೆ ದೊಡ್ಡದಾಯಿತು. 9,000ದ ಮನೆ ನೋಡಿ, ಇಲ್ಲವೇ ಗೆಳತಿಯೊಬ್ಬಳನ್ನು ಜೊತೆಗೆ ಸೇರಿಸಿಕೊಳ್ಳಿ. ಸಂಬಳ ಅಂದರೆ ಕೈಗೆ ಬರುವುದನ್ನು ಮಾತ್ರ ಎಣಿಸಿ. ಕೆಲಸದ ಪತ್ರದಲ್ಲಿ ಬರೆದ ವರ್ಷದ ದೊಡ್ಡ ಅಂಕಿಯಲ್ಲಿ ಪಿಎಫ್ ಹೋಗುತ್ತದೆ, ವೃತ್ತಿ ತೆರಿಗೆ ಹೋಗುತ್ತದೆ, ಇನ್ನೂ ಏನೇನೋ ಹೋಗುತ್ತದೆ.

ಕೆಲಸ ಸಿಕ್ಕಿದ್ದೇ ಬೇರೆ ಊರಿನಲ್ಲಿ, ಅಭ್ಯಾಸಕ್ಕೆ ಆರು ತಿಂಗಳು ಎಲ್ಲಿದೆ ಅನ್ನುವವರು ಮೊದಲು ಪಿಜಿಗೆ, ಅಂದರೆ ಊಟ ಸೇರಿಸಿ ಬಾಡಿಗೆಗೆ ಕೊಡುವ ರೂಮಿಗೆ, ಹೋಗಿ. ಅಲ್ಲಿನ ಸಾರು ನೀರಾಗಿದ್ದರೂ ಪರವಾಗಿಲ್ಲ. ಏರಿಯಾ ಗೊತ್ತಾಗುವ ತನಕ ಮನೆ ಹಿಡಿಯಬೇಡಿ.

ಮನೆ ನೋಡಲು ಭಾನುವಾರ ಮಧ್ಯಾಹ್ನ ಹೋಗುತ್ತಾರೆ ಎಲ್ಲರೂ. ನಾನಾಗಿದ್ದರೆ ವಾರದ ದಿನ ಬೆಳಿಗ್ಗೆ ಏಳಕ್ಕೆ ಹೋಗುತ್ತೇನೆ, ಆಗಲೇ ನಲ್ಲಿಯ ನಿಜ ಗೊತ್ತಾಗುವುದು. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಬೋರ್ ಇದೆಯಾ, ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರದು, ಇದನ್ನು ಮಾಲೀಕರನ್ನಷ್ಟೇ ಕೇಳಿ ಬರಬೇಡಿ. ಬೀದಿ ಮೂಲೆಯ ಇಸ್ತ್ರಿ ಅಂಗಡಿಯವರನ್ನು ಕೇಳಿ, ಅವರಿಗೆ ಇಡೀ ಬೀದಿಯ ಕಥೆ ಗೊತ್ತಿರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗೆ ಎಂಥ ಪರದಾಟ ಆಯಿತು ಅಂತ ಯಾರೂ ಮರೆತಿಲ್ಲ. ಸೂರಿನ ಮೂಲೆಗಳನ್ನು, ಬಚ್ಚಲಿನ ಗೋಡೆಯ ಹಿಂಬದಿಯನ್ನು ಕೈಯಿಟ್ಟು ನೋಡಿ. ಹೊಸ ಬಣ್ಣ ಒಂದೇ ಮೂಲೆಗೆ ಹೊಡೆದಿದ್ದರೆ ಅಲ್ಲಿ ಮಳೆಗಾಲದಲ್ಲಿ ಸೋರುತ್ತದೆ ಅಂತಲೇ ಲೆಕ್ಕ. ಆಫೀಸಿನ ಪಕ್ಕದಲ್ಲೇ ಮನೆ ಬೇಕು ಅಂತಲೂ ಹಟ ಮಾಡಬೇಡಿ. 2025ರ ಆಗಸ್ಟ್‌ನಿಂದ ಹಳದಿ ಮೆಟ್ರೋ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಓಡುತ್ತಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಜಯನಗರದ ಕಡೆ ಇದ್ದರೂ ನಡೆಯುತ್ತದೆ. ಹೆಣ್ಣುಮಕ್ಕಳಿಗೆ ಹೇಗೂ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಬಸ್ ಸ್ಟಾಪಿನಿಂದ ಮನೆಗೆ ರಾತ್ರಿ ಒಂಬತ್ತಕ್ಕೆ ಒಮ್ಮೆ ನಡೆದು ನೋಡಿ, ಸಾಕು.

ಕರಾರು ಪತ್ರ ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಇರುತ್ತದೆ. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತದೆ, ಅದಕ್ಕೇ ಹನ್ನೊಂದು. ಸುಮ್ನೆ ಸಹಿ ಹಾಕಬೇಡಿ. ಬಿಡುವಾಗ ಪೇಂಟಿಂಗ್ ಅಂತ ಎಷ್ಟು ಹಿಡಿಯುತ್ತಾರೆ, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಎಷ್ಟು ತಿಂಗಳು ಮುಂಚೆ ಹೇಳಬೇಕು, ಅಡ್ವಾನ್ಸ್ ಯಾವತ್ತು ವಾಪಸ್, ಈ ನಾಲ್ಕೂ ಅದರಲ್ಲಿ ಇರಲಿ. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡಿ. ಒಳಗೆ ಕಾಲಿಡುವ ದಿನ ಗೋಡೆ, ನಲ್ಲಿ, ಕಿಟಕಿ ಗಾಜು, ಕರೆಂಟು ಮೀಟರಿನ ಅಂಕಿ, ಎಲ್ಲದರ ಫೋಟೋ ತೆಗೆದು ಅವರಿಗೂ ಕಳಿಸಿ. ಲೀಸಿಗೆ ಮನೆ, ಬಾಡಿಗೆಯೇ ಬೇಡ, ಲಕ್ಷಗಟ್ಟಲೆ ಒಮ್ಮೆ ಕೊಟ್ಟರೆ ಸಾಕು ಅನ್ನುವವರು ಸಿಗುತ್ತಾರೆ. ಆ ಮನೆಯ ಮೇಲೆ ಸಾಲ ಇದೆಯೇ ಅಂತ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲ ಮನೆಗೆ ಲೀಸ್ ಬೇಡ ಅಂತಲೇ ನನ್ನ ಮಾತು.

ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಾಡಿಗೆಯವರಿಗೂ ಇದೆ. ಆದರೆ 200 ಯೂನಿಟ್ಟೂ ಎಲ್ಲರಿಗೂ ಪುಕ್ಕಟೆ ಅಂತ ತಿಳಿಯಬೇಡಿ. ಆ ಮೀಟರಿನ ಹಿಂದಿನ ಬಳಕೆ ನೋಡಿ ಮಿತಿ ಗೊತ್ತು ಮಾಡಿರುತ್ತಾರೆ, 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಗೀಜರ್ 2 ಕಿಲೋವ್ಯಾಟಿನದಾದರೆ ಒಂದು ಗಂಟೆಗೆ 2 ಯೂನಿಟ್. ದಿನಾ ಕಾಲು ಗಂಟೆ ಹಾಕಿದರೆ ತಿಂಗಳಿಗೆ 15 ಯೂನಿಟ್. ಆಫ್ ಮಾಡಲು ಮರೆತು ಆಫೀಸಿಗೆ ಹೋಗಬೇಡಿ.

ಗ್ಯಾಸ್ ಒಬ್ಬರಿಗೆ 5 ಕಿಲೋ ಸಿಲಿಂಡರ್ ಸಾಕು. ವಿಳಾಸದ ಪುರಾವೆ ಇಲ್ಲದಿದ್ದರೂ ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಯಲ್ಲಿ ಕೊಡುತ್ತಾರೆ. ದೊಡ್ಡದು ತಂದರೆ, ಅದು 14.2 ಕಿಲೋ, ಹಿಡಿಯ ಕೆಳಗಿನ ಪಟ್ಟಿಯ ಒಳಬದಿ ನೋಡಿ. ಎ, ಬಿ, ಸಿ, ಡಿ ಅಂತ ಒಂದು ಅಕ್ಷರ, ಪಕ್ಕದಲ್ಲಿ ವರ್ಷ ಇರುತ್ತದೆ. ಎ ಅಂದರೆ ಮಾರ್ಚ್‌ವರೆಗೆ, ಬಿ ಜೂನ್‌ವರೆಗೆ, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ಗಡುವು ದಾಟಿದ ಸಿಲಿಂಡರನ್ನು ತಂದವರ ಕೈಯಲ್ಲೇ ವಾಪಸ್ ಕಳಿಸಿ. ಸೋರಿಕೆ ವಾಸನೆ ಬಂದರೆ 1906ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಡಿ, ಫೋನ್ ಮಾಡುವುದು ಮಾತ್ರ ಹೊರಗೆ ಹೋಗಿ. ಸ್ವಿಚ್ ಮುಟ್ಟಬೇಡಿ.

ಪಾತ್ರೆ ಅಂಗಡಿಗೆ ಓಡಬೇಡಿ. ಮೂರು ಲೀಟರಿನ ಕುಕ್ಕರ್, ಒಂದು ಬಾಣಲೆ, ಅಮ್ಮನ ಹಳೆಯ ಕಬ್ಬಿಣದ ದೋಸೆ ಕಾವಲಿ, ಒಗ್ಗರಣೆ ಸೌಟು, ಮುಚ್ಚಳ ಗಟ್ಟಿ ಇರುವ ನಾಲ್ಕು ಡಬ್ಬಿ. ಮಿಕ್ಸಿ ಬೇಕೇ ಬೇಕು, ಚಟ್ನಿ ಇಲ್ಲದೆ ನಾವು ಬದುಕುವವರಲ್ಲ. ಕುಕ್ಕರಿಗೆ ಒಂದು ಹೆಚ್ಚುವರಿ ಗ್ಯಾಸ್ಕೆಟ್ ಇಟ್ಟುಕೊಳ್ಳಿ, ಅದು ಯಾವಾಗಲೂ ರಾತ್ರಿ ಎಂಟು ಗಂಟೆಗೇ ಕೈಕೊಡುವುದು. ಊರಿಂದ ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿ ತಂದರೆ ಒಂದೊಂದನ್ನೂ ಎರಡು ಡಬ್ಬಿ ಮಾಡಿ. ಸಣ್ಣದು ಒಲೆ ಪಕ್ಕ, ದೊಡ್ಡದು ಫ್ರಿಜ್ಜಿನಲ್ಲಿ. ಒದ್ದೆ ಚಮಚ ಹಾಕಿದರೆ ಅಮ್ಮನ ಶ್ರಮವೆಲ್ಲ ಗಂಟುಗಂಟು. ಅಕ್ಕಿಯನ್ನು 25 ಕಿಲೋ ಚೀಲ ಅಗ್ಗ ಅಂತ ತರಬೇಡಿ, ಒಬ್ಬರೇ ತಿನ್ನುವಷ್ಟರಲ್ಲಿ ಹುಳ ತಿಂದಿರುತ್ತದೆ. 5 ಕಿಲೋ ತಂದು ನಾಲ್ಕು ಒಣಮೆಣಸಿನಕಾಯಿ ಹಾಕಿಡಿ. ಅವಲಕ್ಕಿ ಮಾತ್ರ ಸದಾ ಇರಲಿ. ಸುಸ್ತಾಗಿ ಬಂದ ರಾತ್ರಿ ಮೊಸರವಲಕ್ಕಿಗೆ ಒಗ್ಗರಣೆ ಹಾಕಲು ಹತ್ತು ನಿಮಿಷ, ಆರ್ಡರ್ ಮಾಡಿದ ಊಟ ಬರಲು ಅರ್ಧ ಗಂಟೆ. ತಿಂಗಳ ಲೆಕ್ಕದಲ್ಲಿ ದುಡ್ಡು ಸೋರುವುದು ಬಾಡಿಗೆಯಲ್ಲಲ್ಲ, ಈ ಅರ್ಧ ಗಂಟೆಗಳಲ್ಲಿ.

ಇನ್ನು ನಾಯಿ, ಬೆಕ್ಕಿನ ವಿಷಯ. ಬೇರೆ ಮನೆ ಮಾಡಿದ ತಕ್ಷಣ ಒಂದು ಮರಿ ತರುವ ಆಸೆ ಎಲ್ಲರಿಗೂ. ಮೊದಲ ವರ್ಷ ಬೇಡ. ನಾನು ಪ್ರಾಣಿ ಬೇಡ ಅನ್ನುವವಳಲ್ಲ, ನಮ್ಮ ಮನೆಯಲ್ಲಿ ಬೆಕ್ಕು ಇಲ್ಲದ ಕಾಲವೇ ಇಲ್ಲ. ಆದರೆ ನಾಯಿ ಅಂದರೆ ಹನ್ನೆರಡು, ಹದಿನೈದು ವರ್ಷದ ಮಾತು, ನಿಮ್ಮ ಕರಾರು ಹನ್ನೊಂದು ತಿಂಗಳದ್ದು. ನಾಯಿ ಇದೆ ಅಂದರೆ ಮನೆ ಕೊಡದ ಮಾಲೀಕರು ಬೀದಿಗೆ ಹತ್ತು ಜನ. ಒಪ್ಪುವವರು ಸಿಕ್ಕರೂ ಬಾಯಿಮಾತಿನಲ್ಲಿ ಬಿಡದೆ ಪತ್ರದಲ್ಲಿ ಬರೆಸಿ. ಮರಿಗೆ ಆರೆಂಟು ವಾರದಿಂದ ಲಸಿಕೆ ಶುರು, ಮೂರು ತಿಂಗಳಿಗೆ ರೇಬೀಸ್‌ನದು, ಆಮೇಲೆ ಡಾಕ್ಟರು ಹೇಳಿದ ಹಾಗೆ ಮತ್ತೆ ಮತ್ತೆ. ನೀವು ಊರಿಗೆ ಹೋದಾಗ ಅದನ್ನು ಬಿಡುವ ಜಾಗಕ್ಕೂ ದಿನದ ಲೆಕ್ಕದಲ್ಲಿ ದುಡ್ಡು. ಈ ಖರ್ಚನ್ನೂ ಆರು ತಿಂಗಳು ಸುಮ್ನೆ ಖಾತೆಗೆ ಹಾಕಿ ನೋಡಿ.

ಜಾತಿ ನೋಡಿ ಮರುಳಾಗಬೇಡಿ. ಮುಧೋಳ ನಾಯಿ ನಮ್ಮ ಬಾಗಲಕೋಟೆ ಕಡೆಯ ಹೆಮ್ಮೆ, ನಿಜ. ಅದು ಬಯಲಿನಲ್ಲಿ ಮೊಲ ಅಟ್ಟಿಸಿಕೊಂಡು ಓಡಲು ಹುಟ್ಟಿದ್ದು. ಮೂರನೇ ಮಹಡಿಯ ಒಂದು ರೂಮಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂಡಿಹಾಕಿದರೆ ಅದು ಸೋಫಾ ಹರಿಯದೆ ಇನ್ನೇನು ಮಾಡುತ್ತದೆ? ಬೀದಿಯ ಮರಿ ಆಗಬಹುದು, ನಮ್ಮ ಹವೆಗೂ ಹೊಂದುತ್ತದೆ. ಅದಕ್ಕೂ ಮನೆಯಲ್ಲಿ ಜನ ಬೇಕು ಅಷ್ಟೇ.

ಬೆಕ್ಕು ಸ್ವಲ್ಪ ಸುಲಭ. ಬಾಲ್ಕನಿಗೆ ಬಲೆ ಕಟ್ಟಿಸಿ, ಗಂಡಾಗಲಿ ಹೆಣ್ಣಾಗಲಿ ಆಪರೇಷನ್ ಮಾಡಿಸಿ. ಹಾಲನ್ನ ಹಾಕಿದರೆ ಬೆಕ್ಕು ಬದುಕುತ್ತದೆ ಅನ್ನುವುದು ಹಳ್ಳಿಯ ಮಾತು. ಹಳ್ಳಿಯಲ್ಲಿ ಅದು ಇಲಿ ಹಿಡಿದು ತಿಂದುಕೊಳ್ಳುತ್ತಿತ್ತು. ಮನೆಯೊಳಗೇ ಇರುವ ಬೆಕ್ಕಿಗೆ ಮಾಂಸವೋ ಮೀನೋ ಬೇಕೇ ಬೇಕು, ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮಡಿವಂತರ ಮನೆಯವರು ಇದನ್ನು ತರುವ ಮುಂಚೆಯೇ ಯೋಚಿಸಿ. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಚೂರು ಕೊಡಬೇಡಿ, ಬೆಕ್ಕಿಗೆ ಅದು ವಿಷ. ಬೀರುವಿನ ನುಸಿಗುಳಿಗೆಯೂ ಅಷ್ಟೇ. ನಾಯಿಗೆ ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಹುಳಿ ಅನ್ನ, ದ್ರಾಕ್ಷಿ, ಚಾಕೊಲೇಟ್ ಬೇಡ. ಪಾಯಸದ ಒಣದ್ರಾಕ್ಷಿಯೂ ಬೇಡ. ಕಾಯಿಲೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ನಲ್ಲಿ ನೀರು, ಸೋಪು ಹಾಕಿ ಕಾಲು ಗಂಟೆ ತೊಳೆದು ಅವತ್ತೇ ಇಂಜೆಕ್ಷನ್‌ಗೆ ಓಡಿ. ಅರಿಶಿನ, ಸುಣ್ಣ ಮೆತ್ತಬೇಡಿ.

ಗಿಳಿ ಸಾಕುತ್ತೇನೆ ಅನ್ನುವವರಿಗೆ ಒಂದು ಮಾತು. ನಮ್ಮ ಹಸಿರು ಗಿಳಿ, ನಕ್ಷತ್ರ ಆಮೆ ಎರಡನ್ನೂ ಮನೆಯಲ್ಲಿ ಇಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಮಾರುವವರು ಇದನ್ನು ಹೇಳುವುದಿಲ್ಲ. ಏನಾದರೂ ಜೀವ ಮನೆಯಲ್ಲಿ ಓಡಾಡುತ್ತಿರಲೇಬೇಕು ಅಂದರೆ ಮೀನು ಸಾಕಿ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಒಂದು ದಿನ ಬಕೆಟಿನಲ್ಲಿ ತೆರೆದಿಟ್ಟು ಆಮೇಲೆ ತೊಟ್ಟಿಗೆ ಹಾಕಿ.

ಹವ್ಯಾಸದ ಬಗ್ಗೆ ನನ್ನ ಲೆಕ್ಕ ಬೇರೆಯವರಿಗಿಂತ ಉಲ್ಟಾ. ದುಡ್ಡು ಉಳಿಸಬೇಕು ಅಂತ ಹೊರಟವರು ಮೊದಲು ಕತ್ತರಿ ಹಾಕುವುದು ಸಂಗೀತ ಪಾಠಕ್ಕೆ, ಶಟಲ್ ಆಟಕ್ಕೆ. ತಿಂಗಳಿಗೆ 800 ಉಳಿಯಿತು ಅಂತ ಖುಷಿ. ಆಮೇಲೆ ಸಂಜೆ ಒಂಟಿ ಮನೆಯಲ್ಲಿ ಬೇಜಾರು, ಫೋನು ಕೈಗೆ ಬರುತ್ತದೆ. ಸುಮ್ನೆ ನೋಡುತ್ತಾ ನೋಡುತ್ತಾ 2,000ದ ಸಾಮಾನು ಮನೆಗೆ ಬಂದಿರುತ್ತದೆ. ಹಾಗಾಗಿ ಇದ್ದ ಹವ್ಯಾಸವನ್ನು ಜೊತೆಗೆ ಕರೆದುಕೊಂಡೇ ಹೋಗಿ, ಅದಕ್ಕೆ ಲೆಕ್ಕದಲ್ಲಿ ಒಂದು ಸಾಲು ಇಡಿ. ಹೊಸ ಹವ್ಯಾಸಕ್ಕೆ ಮಾತ್ರ ಮೊದಲ ವರ್ಷ ಸಾಮಾನು ಕೊಳ್ಳಬೇಡಿ. ಗಿಟಾರ್ ಆಗಲಿ ಕ್ಯಾಮೆರಾ ಆಗಲಿ, ಯಾರದಾದರೂ ಎರವಲು ತನ್ನಿ. ಮೂರು ತಿಂಗಳು ಆಸೆ ಉಳಿದರೆ ಆಮೇಲೆ ನೋಡೋಣ. ಮೃದಂಗ, ತಬಲ ನುಡಿಸುವವರು ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿ, ಹಬ್ಬದ ದಿನ ಒಂದು ಬಟ್ಟಲು ಕೋಸಂಬರಿ ಕೊಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಗಿಡ ಬೆಳೆಸುವವರು ಸಿಮೆಂಟ್ ಕುಂಡ ತರಬೇಡಿ, ಮುಂದಿನ ಮನೆಗೆ ಹೊತ್ತುಕೊಂಡು ಹೋಗುವವರು ಯಾರು? ಗ್ರೋ ಬ್ಯಾಗ್ ಸಾಕು. ಡಬ್ಬಿಯಲ್ಲಿರುವ ಮೆಂತ್ಯದ ಕಾಳನ್ನೇ ಮಣ್ಣಿಗೆ ಚೆಲ್ಲಿ ನೀರು ಚಿಮುಕಿಸಿ, ಮೂರು ನಾಲ್ಕು ವಾರಕ್ಕೆ ಒಂದು ಹಿಡಿ ಸೊಪ್ಪು. ದುಡ್ಡು ಕೊಡದೆ ಸಂಜೆ ಕಳೆಯಲು ಬೆಂಗಳೂರಿನಲ್ಲಿ ಜಾಗಕ್ಕೆ ಬರವಿಲ್ಲ. ಡಿವಿಜಿಯವರು 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆ ಎನ್.ಆರ್. ಕಾಲೊನಿಯಲ್ಲಿದೆ, ಅಲ್ಲಿ ಗಮಕ, ಉಪನ್ಯಾಸ ನಡೆಯುತ್ತಿರುತ್ತವೆ. ಹೋಗಿ ಕೂರಿ. ನಿಮ್ಮ ವಯಸ್ಸಿನವರು ಕಡಿಮೆ ಇರಬಹುದು, ಆದರೆ ನನ್ನಂಥ ನಾಲ್ಕು ಜನ ಸಿಕ್ಕರೆ ಮನೆ ಊಟಕ್ಕೆ ಕರೆಯುತ್ತಾರೆ.

ಇನ್ನೊಂದು ಖರ್ಚನ್ನು ಯಾರೂ ಬರೆದಿಡುವುದಿಲ್ಲ, ಅದು ಊರಿಗೆ ಬರುವ ಖರ್ಚು. ಗೌರಿ ಗಣೇಶ, ದಸರಾ, ದೀಪಾವಳಿ, ಸಂಕ್ರಾಂತಿ, ಯುಗಾದಿ, ನಡುವೆ ಎರಡು ಮದುವೆ. ಹಬ್ಬದ ಹಿಂದಿನ ದಿನ ಖಾಸಗಿ ಬಸ್ಸಿನವರು ಹೇಳುವ ದರ ಕೇಳಿದರೆ ವಿಮಾನ ನೆನಪಾಗುತ್ತದೆ. ರೈಲಿನ ಟಿಕೆಟ್ ಈಗ 60 ದಿನ ಮುಂಚೆ ತೆರೆಯುತ್ತದೆ. ಕ್ಯಾಲೆಂಡರಿನಲ್ಲಿ ಹಬ್ಬದಿಂದ ಎರಡು ತಿಂಗಳು ಹಿಂದಕ್ಕೆ ಎಣಿಸಿ ಗುರುತು ಹಾಕಿಕೊಳ್ಳಿ. ಬರುವಾಗ ಖಾಲಿ ಡಬ್ಬಿಗಳನ್ನು ತೊಳೆದು ತನ್ನಿ, ಒಣಗಿಸಿ.