ನಳ ಬರುವ ದಿನ: ಧಾರವಾಡದಲ್ಲಿ ನಾವು ಸಂಸಾರ ಹೂಡಿದ್ದು

2024ರ ಆಗಸ್ಟ್‌ನಲ್ಲಿ ನನ್ನ ಪತ್ನಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪಿಎಚ್.ಡಿ.ಗೆ ಪ್ರವೇಶ ದೊರೆತಾಗ ನಮ್ಮ ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು. ನಾನು ಎರಡು ಸಣ್ಣ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವವನು. ಕಂಪ್ಯೂಟರು, ಇಂಟರ್ನೆಟ್ಟು ಇದ್ದಲ್ಲಿಯೇ ನನ್ನ ಕಚೇರಿ. ಆದ್ದರಿಂದ ಬೆಂಗಳೂರಿನ ಮನೆ ಬಿಟ್ಟು ಇಬ್ಬರೂ ಹೊರಡುವುದೆಂದು ನಿರ್ಧರಿಸಲು ಒಂದು ಸಂಜೆ ಸಾಕಾಯಿತು. ಹೊರಡುವ ಮೊದಲು ನಾನು ಬರೆದುಕೊಂಡ ಪಟ್ಟಿಯಲ್ಲಿ ಬಾಡಿಗೆ, ಗ್ಯಾಸ್ ಸಂಪರ್ಕ, ಇಂಟರ್ನೆಟ್, ವಿಭಾಗಕ್ಕೆ ಇರುವ ದೂರ ಎಲ್ಲವೂ ಇದ್ದವು; ನೀರು ಇರಲಿಲ್ಲ. ನಾನು ತೀರ್ಥಹಳ್ಳಿ ಕಡೆಯ ಹಳ್ಳಿಯವನು. ನಮ್ಮ ಹಿತ್ತಲಿನ ಬಾವಿಯಲ್ಲಿ ಆಷಾಢ ಮುಗಿಯುವಷ್ಟರಲ್ಲಿ, ಬಗ್ಗಿದರೆ ಕೈಯಲ್ಲೇ ಕೊಡ ಮುಳುಗಿಸುವಷ್ಟು ನೀರು ಏರಿರುತ್ತದೆ. ಅಂಥ ಮನೆಯಲ್ಲಿ ಬೆಳೆದವನಿಗೆ ನೀರನ್ನು ಎಣಿಸುವ ಅಭ್ಯಾಸ ಎಲ್ಲಿಂದ ಬರಬೇಕು?

ಮನೆ ಹುಡುಕುವುದರಲ್ಲಿ ನಾವು ಮೊದಲ ನಾಲ್ಕು ದಿನ ವ್ಯರ್ಥ ಮಾಡಿದೆವು. ಸಪ್ತಾಪುರ, ಜಯನಗರದ ಕಡೆ ಬಾಡಿಗೆಯ ಫಲಕಗಳಿಗೇನೂ ಕೊರತೆಯಿರಲಿಲ್ಲ, ಆದರೆ ಅವುಗಳಲ್ಲಿ ಹೆಚ್ಚಿನವು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವ ಹುಡುಗ ಹುಡುಗಿಯರಿಗಾಗಿ ಇದ್ದವು. ಎರಡು ಕೋಣೆಗಳಲ್ಲಿ ಆರು ಕಾಟು ಹಾಕಿ ಕಾಟಿಗೆ ಇಷ್ಟೆಂದು ಬಾಡಿಗೆ ಪಡೆಯಬಹುದಾದಾಗ ಅದೇ ಜಾಗವನ್ನು ಗಂಡಹೆಂಡಿರಿಬ್ಬರಿಗೆ ಕೊಡಲು ಯಾವ ಮಾಲಕರಿಗೆ ಮನಸ್ಸು ಬಂದೀತು? ಐದನೆಯ ದಿನ ಫೋನು ಬದಿಗಿಟ್ಟು ಕೆಲಗೇರಿ ರಸ್ತೆಯ ಕಡೆಯ ಓಣಿಗಳಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿದೆವು. ಕಿರಾಣಿ ಅಂಗಡಿಯೊಂದರಲ್ಲಿ ಚಹಾಪುಡಿ ಕೊಳ್ಳುತ್ತಾ ವಿಚಾರಿಸಿದಾಗ, ಅಂಗಡಿಯವರು ಮೂರನೆಯ ಮನೆಯ ಮಾಳಿಗೆ ಖಾಲಿಯಿದೆಯೆಂದು ತಿಳಿಸಿದರು. ಅಲ್ಲಿ ಫಲಕವೇ ಇರಲಿಲ್ಲ. ಮಕ್ಕಳಿಬ್ಬರೂ ಪುಣೆಯಲ್ಲಿರುವ, ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಕೆಳಗಡೆ ಒಬ್ಬರೇ ವಾಸವಾಗಿದ್ದರು.

ಓಣಿಯವರೆಲ್ಲ ಅವರನ್ನು ಅಕ್ಕಾರ ಎನ್ನುತ್ತಾರೆ. ಈಗ ನಾವೂ ಹಾಗೆಯೇ ಕರೆಯುತ್ತೇವೆ. ಅಂದು ಅವರು ನಮ್ಮಿಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿ, ಅಡುಗೆಗೆ ಏನೇನು ಮಾಡುತ್ತೀರಿ ಎಂಬುದರಿಂದ ಆರಂಭಿಸಿ (ಈ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇರುತ್ತದೆಂಬುದು ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತು), ಕೊನೆಗೆ ನನ್ನ ಕಡೆ ತಿರುಗಿ, "ತಮ್ಮಾ, ನಿಮ್ಮ ಡ್ಯೂಟಿ ಎಲ್ಲಿ?" ಎಂದರು. ಮನೆಯಲ್ಲಿಯೇ ಎಂದೆ. ಹೆಂಡತಿ ಹೊರಗೆ ಹೋಗುವುದು, ಗಂಡ ಮನೆಯಲ್ಲಿ ಕೂರುವುದು ಅವರಿಗೆ ಸರಿಕಾಣಲಿಕ್ಕಿಲ್ಲವೆಂದು ನಾನು ಅಳುಕುತ್ತಿದ್ದಾಗ ಅವರ ಮುಖ ಅರಳಿತು. "ಹಂಗಾದ್ರ ಚಲೋ ಆತು. ನಳಾ ಹಿಡಿಯಾಕ ಮನ್ಯಾಗ ಒಬ್ರು ಇರ್ತೀರಿ" ಎಂದರು. ನಮಗೆ ಆ ಮನೆ ಸಿಕ್ಕಿದ್ದು ನನ್ನ ಉದ್ಯೋಗದ ಈ ಅನುಕೂಲದಿಂದಲೇ ಎಂದು ಇಂದಿಗೂ ನಂಬಿದ್ದೇನೆ, ಆದರೆ ಅಂದು ಆ ಮಾತಿನ ಅರ್ಥ ನನಗೆ ಆಗಿರಲಿಲ್ಲ. ನಮ್ಮ ಕಡೆ ನಲ್ಲಿ ಎನ್ನುವುದನ್ನು ಇಲ್ಲಿ ನಳ ಎನ್ನುತ್ತಾರೆ ಎಂಬುದು ತಿಳಿದಿತ್ತು. ಅದನ್ನು ಹಿಡಿಯುವುದೆಂದರೇನೆಂದು ತಿಳಿದಿರಲಿಲ್ಲ.

ಕಾಗದಪತ್ರಗಳ ಕೆಲಸ ಒಂದು ವಾರದಲ್ಲಿ ಮುಗಿಯಿತು. ಬಾಡಿಗೆ 8,500 ರೂಪಾಯಿ, ಠೇವಣಿ 50,000. ಕರಾರು ಹನ್ನೊಂದು ತಿಂಗಳಿಗೆ, ಏಕೆಂದರೆ ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಕಡ್ಡಾಯವಾಗಿ ನೋಂದಾಯಿಸಬೇಕಾಗುತ್ತದೆ. ಗ್ಯಾಸ್ ಸಂಪರ್ಕವನ್ನು ಬೆಂಗಳೂರಿನಲ್ಲೇ ಒಪ್ಪಿಸಿ ವರ್ಗಾವಣೆ ಚೀಟಿ ತಂದಿದ್ದರಿಂದ ತೊಂದರೆಯಾಗಲಿಲ್ಲ. ತಡವಾದದ್ದು ಗೃಹಜ್ಯೋತಿ ಯೋಜನೆಯ ನೋಂದಣಿ ಮಾತ್ರ. ಮಾಳಿಗೆಯ ಮೀಟರಿನ ಆರ್.ಆರ್. ಸಂಖ್ಯೆ ಹಿಂದಿನ ಬಾಡಿಗೆದಾರರ ಆಧಾರ್‌ಗೆ ಜೋಡಣೆಯಾಗಿತ್ತು. ಅದನ್ನು ಅವರು ಬಿಡಿಸಿದ ಮೇಲೆಯೇ ನಮ್ಮ ಹೆಸರಿಗೆ ಜೋಡಿಸಲು ಸಾಧ್ಯವಾಯಿತು. ನಮ್ಮಂತೆ ಬಾಡಿಗೆಗೆ ಹೋಗುವವರು ಠೇವಣಿ ಕೊಡುವ ಮೊದಲೇ ಈ ಒಂದು ಮಾತನ್ನು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ನೀರಿನ ವಿಷಯ. ಧಾರವಾಡಕ್ಕೆ ಕುಡಿಯುವ ನೀರು ಬರುವುದು ಸವದತ್ತಿ ಬಳಿಯ ನವಿಲುತೀರ್ಥದಲ್ಲಿರುವ ಮಲಪ್ರಭಾ ಜಲಾಶಯದಿಂದ. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ ಸುಮಾರು 633 ಮೀಟರ್. ಧಾರವಾಡವಿರುವುದು 700 ಮೀಟರಿಗಿಂತಲೂ ಎತ್ತರದಲ್ಲಿ. ಅಂದರೆ ನೀರು ತಾನಾಗಿ ಹರಿದು ಬರುವಂತಿಲ್ಲ. ಪಂಪುಗಳು ಎತ್ತಬೇಕು, ಅಮ್ಮಿನಬಾವಿಯಲ್ಲಿ ಶುದ್ಧವಾಗಬೇಕು, ಅಲ್ಲಿಂದ ಊರಿನ ಟಾಕಿಗಳನ್ನು ಸೇರಿ ಓಣಿಯಿಂದ ಓಣಿಗೆ ಸರದಿಯ ಮೇಲೆ ಹಂಚಿಕೆಯಾಗಬೇಕು. ದಾರಿಯಲ್ಲಿ ಎಲ್ಲಿಯೇ ಕರೆಂಟು ಹೋದರೂ, ಪೈಪು ಒಡೆದರೂ ಸರದಿ ಒಂದು ದಿನ ಮುಂದಕ್ಕೆ ಬೀಳುತ್ತದೆ. ನಾವು ಬಂದ ಆಗಸ್ಟ್‌ನಲ್ಲಿ ಜಿಟಿಜಿಟಿ ಮಳೆ ಬಿಡುವಿಲ್ಲದೆ ಸುರಿಯುತ್ತಿತ್ತು. ಮನೆಯೊಳಗೆ ನಳ ಮಾತ್ರ ಒಣಗಿತ್ತು. ಹೊರಗೆ ಮಳೆ ಹುಯ್ಯುವಾಗ ಒಳಗೆ ನೀರಿಲ್ಲವೆಂಬುದು ಮಲೆನಾಡಿನವನ ಬುದ್ಧಿಗೆ ಒಗ್ಗಲು ಬಹಳ ದಿನ ಹಿಡಿಯಿತು. 2008ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಯೋಜನೆಯಿಂದ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಬರುವಂತಾಯಿತು. ನಮ್ಮ ಓಣಿಯದು ಹಳೆಯ ಪದ್ಧತಿ: ಐದಾರು ದಿನಕ್ಕೊಮ್ಮೆ, ಕೆಲವೊಮ್ಮೆ ಎಂಟು ದಿನಕ್ಕೊಮ್ಮೆ, ಅದೂ ಹಗಲೋ ರಾತ್ರಿಯೋ ಎಂಬ ನಿಶ್ಚಯವಿಲ್ಲದೆ.

ಮೊದಲ ಎರಡು ಸರದಿಗಳಲ್ಲಿ ಅಕ್ಕಾರ ಅವರೇ ಎದ್ದು ಎಲ್ಲವನ್ನೂ ನೋಡಿಕೊಂಡರು. ಮೂರನೆಯದು ನನ್ನ ಪಾಲಿಗೆ ಬಂತು. ರಾತ್ರಿ ಎರಡೂವರೆಗೆ ಕೆಳಗಿನಿಂದ, "ತಮ್ಮಾ, ನಳಾ ಬಂದಾವ ನೋಡ್ರಿ" ಎಂಬ ಕೂಗು ಕೇಳಿತು. ಎದ್ದು ಹೋಗಿ ಸಂಪಿನ ಮುಚ್ಚಳ ತೆಗೆದು ಪೈಪು ಬಿಟ್ಟೆ. ಎರಡು ಗಂಟೆಯಲ್ಲಿ 3,000 ಲೀಟರಿನ ಸಂಪು ಕಂಠಮಟ್ಟ ತುಂಬಿತು. ಮಾಳಿಗೆಯ ಮೇಲಿನ ಸಿಂಟೆಕ್ಸಿಗೆ ನೀರೇರಿಸಲು ಮೋಟಾರು ಚಾಲೂ ಮಾಡಿ, ಕಾಲು ಗಂಟೆ ಕಳೆದ ಮೇಲೆ ನಿಲ್ಲಿಸಿದರಾಯಿತೆಂದು ಮೆಟ್ಟಿಲಿನ ಮೇಲೆ ಕುಳಿತೆ. ಕುಳಿತಲ್ಲೇ ನಿದ್ದೆ ಹೋದೆ. ಎಚ್ಚರವಾದಾಗ ಬೆಳಕು ಹರಿದಿತ್ತು, ಮೋಟಾರಿನಿಂದ ಸುಟ್ಟ ವಾಸನೆ ಬರುತ್ತಿತ್ತು, ಸಂಪಿನ ತಳದ ಸಿಮೆಂಟು ಕಾಣುತ್ತಿತ್ತು, ಒಂದು ವಾರ ಬಾಳಬೇಕಾಗಿದ್ದ ನೀರು ಮೇಲಿನ ಟಾಕಿಯಿಂದ ಉಕ್ಕಿ ಗೋಡೆಯ ಗುಂಟ ಇಳಿದು ಗಟಾರ ಸೇರಿತ್ತು. ಅಕ್ಕಾರ ಬಾಗಿಲು ತೆರೆದು ರಸ್ತೆ ನೋಡಿದರು, ನನ್ನನ್ನು ನೋಡಿದರು. "ಓಣಿ ತೊಳದ್ರಿ ತಮ್ಮಾ, ಹಬ್ಬ ಬಂತಲ್ಲ ಹೆಂಗೂ" ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಪತ್ನಿ ಬೈದಳು, ಅದು ಬೇರೆ ಮಾತು. ಅವಳ ಫೆಲೋಶಿಪ್ಪಿನ ಮೊತ್ತ ತಿಂಗಳಿಗೆ 37,000 ರೂಪಾಯಿ ಎಂದು ಕಾಗದದ ಮೇಲಿತ್ತು. ಮೊದಲ ಕಂತು ಕೈಸೇರಿದ್ದು ಐದು ತಿಂಗಳ ಮೇಲೆ. ಅಲ್ಲಿಯವರೆಗೆ ನನ್ನ ಒಂದೇ ಸಂಪಾದನೆಯಲ್ಲಿ ಸಂಸಾರ ನಡೆಯಬೇಕಾಗಿತ್ತು. ಆಗಲೇ ಮೋಟಾರಿನ ರಿಪೇರಿಯೂ ಟ್ಯಾಂಕರಿನ ಬಾಡಿಗೆಯೂ ಬಂದು ಕುಳಿತವು. ಟ್ಯಾಂಕರು ಮರುದಿನ ಬರುವವರೆಗೆ ನಮ್ಮನ್ನು ಕಾಪಾಡಿದ್ದು ಓಣಿಯ ಮನೆಗಳು. ನಾವು ಯಾರನ್ನೂ ಕೇಳಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ನಮ್ಮ ಮೆಟ್ಟಿಲಿನ ಬುಡದಲ್ಲಿ ಒಂದು ಹಿತ್ತಾಳೆಯ ಕೊಡ, ಎರಡು ಪ್ಲಾಸ್ಟಿಕ್ ಕೊಡ, ಒಂದು ಬಕೆಟ್ಟು ನೀರು ತುಂಬಿಕೊಂಡು ನಿಂತಿದ್ದವು. ಯಾವುದು ಯಾರ ಮನೆಯದೆಂದು ವಿಚಾರಿಸಿ ಸಂಜೆ ಹಿಂದಿರುಗಿಸಲು ಹೋದದ್ದೇ ನಮ್ಮ ಮೊದಲ ಪರಿಚಯಗಳು. ಕೆಲವು ವಾರಗಳಿಂದ ಅದೇ ಓಣಿಯಲ್ಲಿ ಇದ್ದರೂ ಆವರೆಗೆ ನಮಗೆ ಒಂದು ಮನೆಯ ಹೆಸರೂ ತಿಳಿದಿರಲಿಲ್ಲ.

ಆ ಬಳಿಕ ನಾನು ನೀರನ್ನು ಲೆಕ್ಕಪತ್ರದಂತೆಯೇ ನೋಡತೊಡಗಿದೆ. ಮೂವರಿಗೆ 3,000 ಲೀಟರು; ಆರು ದಿನವಾದರೆ ದಿನಕ್ಕೆ 500, ಒಂಬತ್ತು ದಿನವಾದರೆ 333. ಆದ್ದರಿಂದ ಮೊದಲ ದಿನದಿಂದಲೇ ಒಂಬತ್ತು ದಿನದ ಲೆಕ್ಕದಲ್ಲಿ ಬಳಸುವುದು, ಸರದಿ ಬೇಗ ಬಂದರೆ ಉಳಿದ ನೀರಿನಲ್ಲಿ ಹಾಸಿಗೆ ಬಟ್ಟೆ ಒಗೆಯುವುದು ಎಂಬ ಕ್ರಮ ಮಾಡಿಕೊಂಡೆವು. ವಾಷಿಂಗ್ ಮಷೀನು ನಳ ಬಂದ ದಿನವೇ ಓಡುತ್ತದೆ. ಅದು ಕೊನೆಯ ಬಾರಿ ಜಾಲಾಡಿಸಿ ಹೊರಹಾಕುವ ನೀರು ಬಚ್ಚಲಿನ ಬ್ಯಾರಲ್ ಸೇರಿ ಪಾಯಖಾನೆಗೆ ಬಳಕೆಯಾಗುತ್ತದೆ. ಕುಡಿಯುವ ನೀರಿಗೂ ಬಳಸುವ ನೀರಿಗೂ ಇಲ್ಲಿಯವರು ಇಡುವ ಭೇದವನ್ನು ನಾವೂ ಕಲಿತೆವು: ನಳ ಬಂದ ಕೂಡಲೇ ಮೊದಲ ಹತ್ತು ನಿಮಿಷದ ಕಲಕು ನೀರು ಗಿಡಗಳಿಗೆ, ಆಮೇಲಿನ ತಿಳಿನೀರು ಬಟ್ಟೆ ಕಟ್ಟಿದ ಕೊಡಗಳಿಗೆ, ಉಳಿದದ್ದು ಸಂಪಿಗೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಟಾಕಿ ತುಂಬಿದಾಗ ಕಿರುಚುವ ಅಲಾರಮ್ ಒಂದನ್ನು ತಂದು ಹಾಕಿದೆ. ಅದರ ದನಿ ಎಷ್ಟು ಕರ್ಕಶವೆಂದರೆ ಪಕ್ಕದ ಮನೆಯವರೂ ಈಗ ಅದನ್ನು ಕೇಳಿ ತಮ್ಮ ಮೋಟಾರು ನಿಲ್ಲಿಸುತ್ತಾರೆ.

ನಳ ಬರುವ ಸಮಯವನ್ನು ಮುಂಚಿತವಾಗಿ ತಿಳಿಯುವುದು ಮಾತ್ರ ಅಲಾರಮ್ಮಿನಿಂದ ಆಗುವ ಕೆಲಸವಲ್ಲ. ಮೇಲಿನ ಓಣಿಗೆ ನೀರು ಬಂದರೆ ನಮಗೆ ನಾಲ್ಕು ತಾಸಿನ ಮೇಲೆ ಬರುತ್ತದೆ. ಮೇಲಿನ ಓಣಿಗೆ ಬಂದಿತೋ ಇಲ್ಲವೋ ಎಂಬುದು ಅಲ್ಲಿಯ ಜೋಳದ ಗಿರಣಿಯಲ್ಲಿ ನಿಂತರೆ ತಿಳಿಯುತ್ತದೆ. ಹಾಗಾಗಿ ನಾನು ಗಿರಣಿಯ ಕಟ್ಟೆಯ ಮೇಲೆ, ಡಬ್ಬಿ ಹಿಡಿದು ಬಂದ ಹೆಂಗಸರ ನಡುವೆ, ಸರದಿ ಕಾಯುವವನಾದೆ. ರೊಟ್ಟಿಯನ್ನು ಕಲಿತದ್ದೂ ಅಲ್ಲಿಯೇ. ನಾನು ಪ್ಯಾಕೆಟ್ಟಿನ ಹಿಟ್ಟಿನಲ್ಲಿ ಮಾಡಿದ ರೊಟ್ಟಿಗಳು ತಟ್ಟುವಾಗಲೇ ಅಂಚಿನಲ್ಲಿ ಬಿರಿಯುತ್ತಿದ್ದವು. ನನ್ನ ದೂರು ಕೇಳಿದ ಒಬ್ಬ ಹಿರಿಯರು, "ಹಿಟ್ಟು ಹಳೇದೈತಿ, ಜಿಗಿ ಹೋಗೇತಿ. ಒಂದೊಂದ ಕಿಲೋ ಬೀಸಿಸ್ರಿ, ಎಸರ ಕುದಿಯಾಕ ಬಿಡ್ರಿ" ಎಂದರು. ಗೋಧಿಯ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರು ಬಿದ್ದಾಗ ಪಿಷ್ಟ ಬೆಂದು ಹಿಟ್ಟು ಕೂಡಿಕೊಳ್ಳುತ್ತದೆ. ಹೊಸ ಹಿಟ್ಟಿನ ನಡುವೆ ಗುಣಿ ಮಾಡಿ ಎಸರು ಸುರಿದು, ಕೈ ಸುಡುವಷ್ಟು ಬಿಸಿಯಿರುವಾಗಲೇ ಚೆನ್ನಾಗಿ ನಾದಿ, ತಟ್ಟಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿದರೆ ಬಿರಿಯುವುದಿಲ್ಲ. ಮೂರು ವಾರದ ನಂತರ ನನ್ನ ಒಂದು ರೊಟ್ಟಿ ಉಬ್ಬಿತು. ಪತ್ನಿ ಅದರ ಚಿತ್ರ ತೆಗೆದು ಹಾಸನದ ತವರಿಗೆ ಕಳುಹಿಸಿದಳು. ಅಲ್ಲಿಂದ, ಮುದ್ದೆ ಕಟ್ಟುವುದನ್ನು ಯಾವಾಗ ಕಲಿಯುತ್ತಾರಂತೆ ಎಂಬ ಉತ್ತರ ಬಂತು.

ಭಾಷೆಯ ವಿಷಯದಲ್ಲಿ ಪತ್ನಿ ನನಗಿಂತ ನಿಧಾನವಾಗಿ ಒಗ್ಗಿಕೊಂಡಳು. ದಿನವಿಡೀ ಪ್ರಯೋಗಾಲಯದಲ್ಲಿ ಇಂಗ್ಲಿಷಿನಲ್ಲಿಯೇ ಕಳೆಯುವ ಅವಳಿಗೆ ಬಟಾಟಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ಎಂಬ ಮಾತುಗಳ ರೂಢಿಯಾಗಲು ಸಂತೆಯೇ ಬೇಕಾಯಿತು. ಕಾಯಿಪಲ್ಯೆ ತುಟ್ಟಿಯಾಗಿದೆ ಎಂದು ಅವಳು ಮೊದಲ ಬಾರಿ ಚೌಕಾಸಿ ಮಾಡಿದ ದಿನ, ಮಾರುವ ಹೆಂಗಸು ಒಂದು ಹಿಡಿ ಕೊತ್ತಂಬರಿಯನ್ನು ಮೇಲೆ ಹಾಕಿ, "ಯಾವ ಊರಿನ ಮಗಳವಾ ನೀ?" ಎಂದು ಕೇಳಿದಳಂತೆ. ಸಂಜೆ ಅವಳು ವಿಭಾಗದಿಂದ ಬಂದ ಮೇಲೆ ನಾವಿಬ್ಬರೂ ಹಿಂದೊಮ್ಮೆ ಊರಿಗೇ ಕುಡಿಯುವ ನೀರು ಕೊಟ್ಟಿದ್ದ ಕೆಲಗೇರಿ ಕೆರೆಯ ಏರಿಯ ಮೇಲೆ ನಡೆಯುತ್ತೇವೆ. ಕೆಲವು ದಿನ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಹೋಗಿ ಯಾವುದೋ ಉಪನ್ಯಾಸ ಕೇಳುತ್ತೇವೆ. 1890ರಲ್ಲಿ ಆರಂಭವಾದ ಆ ಸಂಘದ ಸಭೆಗಳಲ್ಲಿ ನಮ್ಮ ವಯಸ್ಸಿನವರು ವಿರಳ. ಆದರೆ ಬಿಟ್ಟಿ ಉಪನ್ಯಾಸ, ಮೇಲೆ ಚಹಾ, ಫೆಲೋಶಿಪ್ಪಿಲ್ಲದ ಐದು ತಿಂಗಳಲ್ಲಿ ಅದಕ್ಕಿಂತ ಒಳ್ಳೆಯ ಮನರಂಜನೆ ನಮಗೆ ಸಿಗುವಂತಿರಲಿಲ್ಲ. ಅಂಥ ಸಭೆಯೊಂದರ ನಡುವೆ ಒಮ್ಮೆ ಅಕ್ಕಾರ ಅವರ ಫೋನು ಬಂತು. ನಾನು ಎದ್ದು ಹೊರಟಾಗ ಹಿಂದಿನ ಸಾಲಿನ ವೃದ್ಧರೊಬ್ಬರು, "ನಳಾ ಬಂತೇನ್ರಿ?" ಎಂದು ಪಿಸುಗುಟ್ಟಿ, ಹೊರಗೆ ಹೋಗಲು ಕಾಲು ಹಿಂದಕ್ಕೆ ಎಳೆದುಕೊಂಡು ದಾರಿ ಬಿಟ್ಟರು.

2025ರ ಜುಲೈಯಲ್ಲಿ ಹನ್ನೊಂದು ತಿಂಗಳು ಮುಗಿದು ಕರಾರನ್ನು ಹೊಸದಾಗಿ ಬರೆದೆವು. ಬಾಡಿಗೆ ಐನೂರು ರೂಪಾಯಿ ಹೆಚ್ಚಾಯಿತು. ಸಹಿ ಹಾಕಿದ ಮೇಲೆ ಅಕ್ಕಾರ ಪಡಸಾಲೆಯ ಗೂಟದಿಂದ ಮೋಟಾರು ಖೋಲಿಯ ಕೀಲಿ ತೆಗೆದು ನನ್ನ ಪತ್ನಿಯ ಕೈಗೆ ಕೊಟ್ಟು, "ಇವ್ರಿಗೆ ನಿದ್ದಿ ಹತ್ತತೈತಿ, ನೀನ ಇಟ್ಕೋವಾ" ಎಂದರು.