ಕ್ಲಾಸ್ ರೇಸಿಂಗ್: ಜೋರಾಗಿ ಓಡಿಸಿದರೆ ದಂಡ, ಅದೂ ನಿಮಗೊಬ್ಬರಿಗೇ ಅಲ್ಲ

ಹೋದ ತಿಂಗಳು ಡೆಟ್ರಾಯಿಟ್ ಕಡೆಯಿಂದ ಇಬ್ಬರು ಹುಡುಗರು ಫೋನ್ ಮಾಡಿದ್ದರು. ಒಬ್ಬ ಹಾಸನದವನು, ಇನ್ನೊಬ್ಬ ದಾವಣಗೆರೆಯವನು. ಇಬ್ಬರೂ ಸೇರಿ ಡ್ರ್ಯಾಗ್ ರೇಸಿಗೆ, ಅಂದರೆ ಎರಡೆರಡು ಕಾರು ನೇರ ಟ್ರ್ಯಾಕಿನಲ್ಲಿ ಕಾಲು ಮೈಲಿ ಓಡುವ ಪಂದ್ಯಕ್ಕೆ, ಒಂದು ಹಳೇ ಸ್ಟಾಕ್ ಎಲಿಮಿನೇಟರ್ ಕಾರು (ಕಂಪನಿ ಕಾರನ್ನೇ ರೇಸಿಗೆ ಸಜ್ಜು ಮಾಡಿದ್ದು) ಕೊಳ್ಳುತ್ತಿದ್ದಾರಂತೆ. "ಇಂಡೆಕ್ಸ್‌ಗಿಂತ ಒಂದು ಸೆಕೆಂಡ್ ಕೆಳಗೆ ಓಡುತ್ತೆ ಸರ್, ಟೈಮ್‌ಸ್ಲಿಪ್ ಎಲ್ಲಾ ಇದೆ" ಅಂತ ಖುಷಿಯಲ್ಲಿ ಹೇಳಿದರು. ಇಂಡೆಕ್ಸ್ ಅಂದರೆ ಕಾರಿನ ಕ್ಲಾಸಿಗೆ ಗೊತ್ತುಮಾಡಿದ ಟೈಮ್, ಟೈಮ್‌ಸ್ಲಿಪ್ ಅಂದರೆ ಓಟದ ಟೈಮ್ ಅಚ್ಚಾದ ಚೀಟಿ. ನನ್ನ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಒಂಬತ್ತು ವರ್ಷದ ಹಿಂದೆ ನಾನೂ ಇದೇ ಮಾತಿಗೆ ಮರುಳಾಗಿ ಕಾರು ಕೊಂಡವನೇ.

ಟ್ರೀ (ಹೊರಡುವ ದೀಪಗಳ ಕಂಬ) ಅಂದರೇನು, ಮುಂಚೆಯೇ ಬಿಟ್ಟು ಕೆಂಪು ದೀಪ ಬಿದ್ದರೇನು, ಹೆಲ್ಮೆಟ್ ಯಾವುದು, ಇದೆಲ್ಲ ಒಂದು ಶನಿವಾರ ಟ್ರ್ಯಾಕಿಗೆ ಹೋಗಿ ನಿಂತರೆ ಗೊತ್ತಾಗುತ್ತೆ. ಬ್ರಾಕೆಟ್ ರೇಸಿಂಗ್ ಕೂಡ ನಿಮಗೆ ಗೊತ್ತಿರುತ್ತೆ. ನಿಮ್ಮ ಟೈಮ್ ಎಷ್ಟು ಅಂತ ನೀವೇ ಗಾಜಿನ ಮೇಲೆ ಬರೆಯಬೇಕು (ಇದಕ್ಕೇ ಡಯಲ್ ಅನ್ನುವುದು), ನಿಧಾನದ ಕಾರು ಮೊದಲು ಬಿಡುತ್ತೆ, ಬರೆದದ್ದಕ್ಕಿಂತ ಬೇಗ ಓಡಿದರೆ ಬ್ರೇಕ್‌ಔಟ್. 11.20 ಬರೆದು 11.18 ಓಡಿದರೆ ಮುಂದೆ ಬಂದರೂ ಸೋತಿರಿ. ಎದುರಿನವನು ನಿಮಗಿಂತ ಜಾಸ್ತಿ ಬ್ರೇಕ್‌ಔಟ್ ಆದರೆ ಅಥವಾ ಕೆಂಪು ದೀಪ ಹಾಕಿಸಿಕೊಂಡರೆ ಬಚಾವ್. ನಮ್ಮ ಕಂಬಳದ ಕನೆ ಹಲಗೆ ನೋಡಿದವರಿಗೆ ಇದೇನೂ ವಿಚಿತ್ರ ಅನ್ನಿಸಲ್ಲ. ಅಲ್ಲೂ ಕೋಣ ಎಷ್ಟು ಬೇಗ ಬಂತು ಅನ್ನುವುದಕ್ಕಿಂತ ನೀರು ನಿಶಾನೆ ಮುಟ್ಟಿತಾ ಅನ್ನುವುದೇ ಲೆಕ್ಕ.

ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಎಚ್‌ಆರ್‌ಎಯ ಸ್ಟಾಕ್ ಮತ್ತು ಸೂಪರ್ ಸ್ಟಾಕ್ ವಿಭಾಗಗಳಲ್ಲಿ ಇದರ ಮೇಲೆ ಇನ್ನೊಂದು ಪದರ ಇದೆ. ನಾನು ಜಾರಿ ಬಿದ್ದದ್ದು ಅಲ್ಲೇ. ಪ್ರತಿ ವರ್ಷದ, ಪ್ರತಿ ಮಾಡೆಲ್‌ನ, ಪ್ರತಿ ಎಂಜಿನ್‌ಗೆ ಅವರು ಒಂದು ಹಾರ್ಸ್‌ಪವರ್ ಅಂಕಿ ಕೊಟ್ಟಿರುತ್ತಾರೆ. ಇದನ್ನೇ ಕಾಂಬಿನೇಶನ್ ಅನ್ನುವುದು. ಎಂಜಿನ್ ನಿಜವಾಗಿ ಎಷ್ಟು ಪವರ್ ಕೊಡುತ್ತೆ ಅನ್ನುವುದಕ್ಕೂ ಈ ಅಂಕಿಗೂ ಸಂಬಂಧ ಕಡಿಮೆ. ತೂಕವನ್ನು ಆ ಅಂಕಿಯಿಂದ ಭಾಗಿಸಿದರೆ ನಿಮ್ಮ ಕ್ಲಾಸ್ ಸಿಗುತ್ತೆ, ಕ್ಲಾಸಿಗೆ ಒಂದು ಇಂಡೆಕ್ಸ್ ಟೈಮ್ ಇರುತ್ತೆ. ಒಳ್ಳೆ ಕಾರುಗಳೆಲ್ಲ ಇಂಡೆಕ್ಸ್‌ಗಿಂತ ಕೆಳಗೇ ಓಡುತ್ತವೆ, ಅದು ತಪ್ಪಲ್ಲ. ಆದರೆ ರಾಷ್ಟ್ರಮಟ್ಟದ ಮತ್ತು ಡಿವಿಷನ್ (ಪ್ರಾದೇಶಿಕ) ರೇಸ್‌ಗಳಲ್ಲಿ ತೀರಾ ಕೆಳಗೆ ಹೋದರೆ ಆ ಕಾಂಬಿನೇಶನ್‌ಗೆ ಹಾರ್ಸ್‌ಪವರ್ ಸೇರಿಸುತ್ತಾರೆ. ಒಂದೇ ಓಟಕ್ಕೆ ಬೀಳುವುದೂ ಉಂಟು, ಸರಾಸರಿ ನೋಡಿ ಹಾಕುವುದೂ ಉಂಟು. ಗಡಿ ಎಷ್ಟು ಅಂತ ನಾನಿಲ್ಲಿ ಬರೆಯಲ್ಲ, ಬೇಕಂತಲೇ. ಅದು ಬದಲಾಗುತ್ತಾ ಇರುತ್ತೆ, ನೀವು ಹಳೇ ಅಂಕಿ ನಂಬಿಕೊಂಡು ಹೋಗುತ್ತೀರಿ. ಈ ವರ್ಷದ ರೂಲ್‌ಬುಕ್ಕನ್ನೇ ತೆಗೆದು ನೋಡಿ.

ಈಗ ಲೆಕ್ಕ ನೋಡಿ. ನಿಮ್ಮದು 250 ಹಾರ್ಸ್‌ಪವರ್ ಕಾಂಬಿನೇಶನ್, ಕ್ಲಾಸಿನ ಕನಿಷ್ಠ ತೂಕ ಹಾರ್ಸ್‌ಪವರ್‌ಗೆ 11 ಪೌಂಡ್ ಅಂದುಕೊಳ್ಳಿ. 2750 ಆಯಿತು. ಡ್ರೈವರ್ ಲೆಕ್ಕಕ್ಕೆ 170 ಪೌಂಡ್ ಸೇರಿಸಿ, 2920. ನೀವು ಒಳಗೆ ಕೂತು ತಕ್ಕಡಿ ಮೇಲೆ ಅಷ್ಟು ತೂಗಲೇಬೇಕು. 8 ಹಾರ್ಸ್‌ಪವರ್ ಸೇರಿಸಿದರು ಅನ್ನಿ. 258ಕ್ಕೆ 3008 ಪೌಂಡ್ ಬೇಕು. ಒಂದೇ ಏಟಿಗೆ 88 ಪೌಂಡ್ ಜಾಸ್ತಿ! ಇಂಡಿಯನ್ ಸ್ಟೋರಿನ 20 ಪೌಂಡ್ ಸೋನಾ ಮಸೂರಿ ಚೀಲ ನಾಲ್ಕು, ಮೇಲೆ ಇನ್ನೆಂಟು ಪೌಂಡ್. ಅದನ್ನು ಹೊತ್ತು ಅದೇ ಇಂಡೆಕ್ಸ್ ಓಡಬೇಕು. ಇಲ್ಲಾಂದ್ರೆ ಹಗುರವಾಗಿಯೇ ಇದ್ದು ಮೇಲಿನ ಕ್ಲಾಸಿಗೆ ಹೋಗಬೇಕು, ಅಲ್ಲಿ ಇಂಡೆಕ್ಸ್ ಇನ್ನೂ ಬಿಗಿ.

ಇದರಲ್ಲಿ ಮೋಸ ಎಲ್ಲಿದೆ ಅಂದರೆ, ಏಟು ಬೀಳುವುದು ಆ ಡ್ರೈವರ್‌ಗಲ್ಲ, ಕಾಂಬಿನೇಶನ್‌ಗೆ. ಯಾವುದೋ ರಾಜ್ಯದಲ್ಲಿ ಯಾರೋ ಒಬ್ಬ ನಿಮ್ಮಂಥದ್ದೇ ಕಾರನ್ನು ಗೆಳೆಯರ ಮುಂದೆ ಕೊನೆಯವರೆಗೆ ಒತ್ತಿ ಓಡಿಸಿದ ಅಂದರೆ ನಿಮ್ಮ ಗ್ಯಾರೇಜಿನಲ್ಲಿ ಸುಮ್ನೆ ನಿಂತಿರುವ ಕಾರಿಗೂ ತೂಕ ಏರುತ್ತೆ.

ನನಗೆ ಆಗಿದ್ದು ಇದೇ. ಚಳಿಗಾಲದಲ್ಲಿ ಕಾರು ಕೊಂಡೆ. ಮಾರಿದವನು ಕೊಟ್ಟ ಸ್ಲಿಪ್‌ಗಳನ್ನು ಫ್ರಿಜ್ ಮೇಲೆ ಅಂಟಿಸಿದ್ದೆ, ಹೆಂಡತಿ ಅದನ್ನು ಮಗಳ ಮಾರ್ಕ್ಸ್ ಕಾರ್ಡ್ ಪಕ್ಕಕ್ಕೆ ಸರಿಸಿದ್ದಳು. ವಸಂತದಲ್ಲಿ ಎರಡು ದಿನ ರಜೆ ಹಾಕಿ, ಟ್ರೇಲರ್ ಬಾಡಿಗೆಗೆ ತಗೊಂಡು, ನಾಲ್ಕು ಗಂಟೆ ಎಳೆದುಕೊಂಡು ಹೋಗಿ ಡಿವಿಷನ್ ರೇಸಿಗೆ ಇಳಿದೆ. ಮೊದಲ ಓಟ ಚಿನ್ನದಂಥದ್ದು. ವಾಪಸ್ ಬರುವಾಗ ತಕ್ಕಡಿ ಮೇಲೆ ಕರೆದರು. 2947. ನನ್ನದೂ ಮೇಲಿನ ಲೆಕ್ಕದ್ದೇ ಕಾರು, ನಾನು 2920 ಸಾಕು, 27 ಪೌಂಡ್ ಜಾಸ್ತಿಯೇ ಇದೆ ಅಂತ ನಗುತ್ತಾ ಕೂತಿದ್ದೆ. ಅಲ್ಲಿದ್ದ ಅಜ್ಜ ಪಟ್ಟಿ ತಿರುಗಿಸಿ ತೋರಿಸಿದ, 3008 ಬೇಕು. 61 ಪೌಂಡ್ ಕಮ್ಮಿ, ಓಟ ರದ್ದು. ನಾನು ಕೊಂಡ ಮೇಲೆ ನನ್ನ ಕಾಂಬಿನೇಶನ್‌ಗೆ 8 ಸೇರಿತ್ತು, ನಾನು ಪಟ್ಟಿ ನೋಡಿಯೇ ಇರಲಿಲ್ಲ. ಟೂಲ್‌ಬಾಕ್ಸ್ ಡಿಕ್ಕಿಗೆ ಹಾಕಿಕೊಳ್ಳಲಾ ಅಂತ ಕೇಳಿದೆ. ಅಜ್ಜ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಭಾರ ಅಂದರೆ ಬೋಲ್ಟ್ ಹಾಕಿ ಬಿಗಿದಿರಬೇಕು, ಸಡಿಲವಾಗಿ ಏನೂ ಇಡುವ ಹಾಗಿಲ್ಲ.

ನಮ್ಮ ಬೆಂಗಳೂರು ಟರ್ಫ್ ಕ್ಲಬ್ಬಿನಲ್ಲೂ ಹ್ಯಾಂಡಿಕ್ಯಾಪ್ ಇದೆ. ಗೆದ್ದ ಕುದುರೆಯ ರೇಟಿಂಗ್ ಏರುತ್ತೆ, ಮುಂದಿನ ಸಲ ಬೆನ್ನ ಮೇಲೆ ಜಾಸ್ತಿ ತೂಕ. ಆದರೆ ಗೆದ್ದ ಕುದುರೆಗೆ ಮಾತ್ರ, ಅದರ ಅಣ್ಣತಮ್ಮಂದಿರಿಗೆಲ್ಲ ಹೊರಿಸಲ್ಲ! ನನ್ನ ಓಟು ಟರ್ಫ್ ಕ್ಲಬ್ಬಿಗೇ. ಇಲ್ಲಿನವರು ಒಪ್ಪಲ್ಲ. ಕಾಗದದ ಮೇಲೆ ಕಡಿಮೆ ಪವರ್ ತೋರಿಸಿದ ಕಾರುಗಳನ್ನು ಹಿಡಿಯಲು ಬೇರೆ ದಾರಿ ಇಲ್ಲ ಅನ್ನುತ್ತಾರೆ. ಮಸ್ಟಾಂಗ್ ಕೋಬ್ರಾ ಜೆಟ್, ಕೋಪೋ ಕಮಾರೋ ಥರ ಕಂಪನಿಯೇ ರೇಸಿಗೆ ಕಟ್ಟಿಕೊಟ್ಟ ಕಾರುಗಳ ಅಂಕಿ ಮತ್ತೆ ಮತ್ತೆ ತಿದ್ದಬೇಕಾಗಿ ಬಂದದ್ದು ನೋಡಿದರೆ ಅವರ ಮಾತಲ್ಲೂ ಹುರುಳಿದೆ. ಕಾಂಪ್ ಎಲಿಮಿನೇಟರ್ ಅನ್ನುವ ಇನ್ನೊಂದು ವಿಭಾಗದಲ್ಲಿ ಡಯಲ್ ಇಲ್ಲ, ಬ್ರೇಕ್‌ಔಟ್ ಇಲ್ಲ, ಗಡಿ ದಾಟಿ ಓಡಿದರೆ ಇಂಡೆಕ್ಸನ್ನೇ ಕತ್ತರಿಸುತ್ತಾರೆ. ನನಗೆ ಅದೇ ನೇರ ಅನ್ನಿಸುತ್ತೆ, ಖರ್ಚು ಮಾತ್ರ ನಮ್ಮಂಥವರಿಗಲ್ಲ.

ಹಾರ್ಸ್‌ಪವರ್ ಸೇರಿಸುವ ಈ ನಿಯಮದಿಂದ ಹುಟ್ಟಿದ ಚಾಳಿ ಅಂದರೆ ಕಾರಿನ ನಿಜವಾದ ವೇಗ ಬಚ್ಚಿಡುವುದು. 1320 ಅಡಿ ಓಟದಲ್ಲಿ 1000 ಅಡಿಗೇ ಆಕ್ಸಿಲರೇಟರ್‌ನಿಂದ ಕಾಲು ಎತ್ತುತ್ತಾರೆ. ಹೊಸಬರು ಕಾರು ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ, ಅಂಕಿ ಮುಚ್ಚಿಡುತ್ತಿದ್ದಾರೆ. ಆದರೆ ಎದುರಿಗೆ ನಿಮ್ಮದೇ ಕ್ಲಾಸಿನ ಕಾರು ಬಂದರೆ ಡಯಲ್ ಇಲ್ಲ, ಬ್ರೇಕ್‌ಔಟ್ ಇಲ್ಲ, ಇಬ್ಬರೂ ಒಟ್ಟಿಗೇ ಬಿಡಬೇಕು. ಬಚ್ಚಿಟ್ಟದ್ದೆಲ್ಲ ಅಲ್ಲೇ ಹೊರಗೆ ಬರುತ್ತೆ. ಲೇಬರ್ ಡೇ ವಾರದಲ್ಲಿ ಇಂಡಿಯಾನಾಪೊಲಿಸ್‌ಗೆ ಒಂದು ಸಲ ಹೋಗಿ ಕ್ಲಾಸ್ ಎಲಿಮಿನೇಶನ್, ಅಂದರೆ ಒಂದೇ ಕ್ಲಾಸಿನ ಕಾರುಗಳು ಹೀಗೆ ಎದುರುಬದುರಾಗುವ ಪಂದ್ಯ, ನೋಡಿ. ಒಂದು ಹುಷಾರು: ಅಂಕಿ ಮುಚ್ಚಲು ಬ್ರೇಕ್ ಒತ್ತುವಾಗ ಪಕ್ಕದ ಲೇನ್ ನೋಡುತ್ತಾ ಕೂರಬೇಡಿ. ನೂರು ಮೈಲಿ ವೇಗದಲ್ಲಿ ಬ್ರೇಕ್ ಜೋರಾಗಿ ಒತ್ತಿದ ಹಳೇ ಕಾರು ಬಾಲ ಅಲ್ಲಾಡಿಸುತ್ತೆ. ನಾನು ಗೋಡೆಯಿಂದ ಒಂದು ಮಾರು ದೂರದಲ್ಲಿ ಉಳಿದುಕೊಂಡಿದ್ದೇನೆ.

ಆ ಹುಡುಗರಿಗೆ ಮೂರು ಕೆಲಸ ಹೇಳಿದೆ. ಟೈಮ್‌ಸ್ಲಿಪ್‌ನ ತಾರೀಕು ನೋಡಿ, ಆ ದಿನ ಕಾಂಬಿನೇಶನ್‌ಗೆ ಎಷ್ಟು ಅಂಕಿ ಇತ್ತು, ಇವತ್ತು ಎಷ್ಟಿದೆ ಅಂತ ಕ್ಲಾಸಿಫಿಕೇಶನ್ ಗೈಡ್‌ನಲ್ಲಿ (ಎನ್‌ಎಚ್‌ಆರ್‌ಎಯ ಅಂಕಿಗಳ ಪಟ್ಟಿಯಲ್ಲಿ) ಹೋಲಿಸಿ. ಕಾರನ್ನು ನಿಮ್ಮಲ್ಲೊಬ್ಬ ಒಳಗೆ ಕೂತು ತೂಗಿಸಿ, ಮಾರುವವನನ್ನು ಕೂರಿಸಿ ಅಲ್ಲ, ಅವನ ಹೊಟ್ಟೆ ನಿಮ್ಮ ಎರಡರಷ್ಟಿರಬಹುದು. ಪ್ರತಿ ರೇಸಿಗೆ ಹೊರಡುವ ಹಿಂದಿನ ರಾತ್ರಿ ಪಟ್ಟಿ ಮತ್ತೆ ನೋಡಿ. ನಿನ್ನೆ ಹಾಸನದವನ ಮೆಸೇಜ್ ಬಂತು. ಸ್ಲಿಪ್ ಮೂರು ವರ್ಷ ಹಳೆಯದಂತೆ, ಅಲ್ಲಿಂದೀಚೆಗೆ ಅಂಕಿ ಎರಡು ಸಲ ಏರಿದೆಯಂತೆ, ಮಾರುವವನು ಈಗ ಫೋನ್ ಎತ್ತುತ್ತಿಲ್ಲವಂತೆ.